ಫೀಡಿನಲ್ಲಿ ಮದ್ದು, ಷೆಡ್ಡಿನಲ್ಲಿ ರೋಗ

ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಆದರೆ ಅದು ತರುವ ನೆಕ್ರೋಟಿಕ್ ಎಂಟರೈಟಿಸ್, ಅಂದರೆ ಕರುಳು ಕೊಳೆಯುವ ರೋಗ, ಎಲ್ಲ ಫಾರಂಗಳಲ್ಲೂ ಕಾಣಿಸಿಕೊಳ್ಳುವುದಿಲ್ಲ. ಹಾಗಾದರೆ ತಪ್ಪು ಬ್ಯಾಕ್ಟೀರಿಯಾದ್ದೋ, ನಾವು ಕೋಳಿ ಸಾಕುವ ಕ್ರಮದ್ದೋ?

ರೋಗ ಬಲಿಯುವ ಬಗೆ ನೋಡಿದರೆ ಉತ್ತರ ಸಿಗುತ್ತದೆ. ರಕ್ತಭೇದಿ ತರುವ ಐಮೀರಿಯಾ ಪರೋಪಜೀವಿ ಮೊದಲು ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅಲ್ಲಿ ಸೋರುವ ಪ್ರೋಟೀನು ಉಂಡು ಕ್ಲಾಸ್ಟ್ರಿಡಿಯಂ ಹೆಚ್ಚಿ ವಿಷ ಕಾರುತ್ತದೆ. ಫೀಡಿನಲ್ಲಿ ಮೀನುಪುಡಿಯೋ ಗೋಧಿಯೋ ಅತಿಯಾದರೆ, ನೆಲಕ್ಕೆ ಹಾಸುವ ಲಿಟರ್ ಒದ್ದೆಯಾದರೆ, ಷೆಡ್ ಕಿಕ್ಕಿರಿದರೆ ಅದರ ಕೆಲಸ ಇನ್ನೂ ಸಲೀಸು. ಸತ್ತ ಕೋಳಿಯ ಕರುಳನ್ನು ಕೊಯ್ದರೆ ಒಳಮೈ ಟರ್ಕಿ ಟವೆಲ್ಲಿನಂತೆ ಒರಟಾಗಿರುತ್ತದೆ. ಕೋಳಿ ಸಾಯದೆ ಉಳಿಯುವ ಸೌಮ್ಯ ರೂಪವೂ ನಷ್ಟದ್ದೇ: ತಿಂದದ್ದು ಮೈಗೆ ಹತ್ತುವುದಿಲ್ಲ, ಫೀಡಿನ ಖರ್ಚು ಮಾತ್ರ ಏರುತ್ತದೆ.

ಇದಕ್ಕೆ ಉದ್ಯಮ ಕಂಡುಕೊಂಡ ಸುಲಭ ದಾರಿ, ದಿನನಿತ್ಯದ ಫೀಡಿಗೇ ಆ್ಯಂಟಿಬಯಾಟಿಕ್ ಬೆರೆಸುವುದು. ರೋಗ ಅಡಗಿತು, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆದವು. ಬೆಳವಣಿಗೆಗಾಗಿ ಹೀಗೆ ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ ಪೂರ್ತಿ ನಿಷೇಧಿಸಿದವು. ಮನುಷ್ಯರ ಕೊನೆಯ ಆಸರೆಯ ಮದ್ದಾದ ಕೊಲಿಸ್ಟಿನ್ ಅನ್ನು ಸಾಕುಪ್ರಾಣಿಗಳಿಗೆ ಕೊಡದಂತೆ ಭಾರತ 2019ರಲ್ಲಿ ತಡೆಯಿತು.

ನಿಷೇಧಿಸಿದರೆ ರೋಗ ಹೆಚ್ಚುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ನಾರ್ವೆಯಲ್ಲಿ 1995ರಲ್ಲಿ ಫೀಡಿಗೆ ಬೆರೆಸುತ್ತಿದ್ದ ಅವೊಪಾರ್ಸಿನ್ ಎಂಬ ಆ್ಯಂಟಿಬಯಾಟಿಕ್ ನಿಂತಾಗ ಕರುಳು ರೋಗ ಏರಿತ್ತು. ಐಮೀರಿಯಾವನ್ನು ಹತ್ತಿಕ್ಕುವ, ಮನುಷ್ಯರ ಚಿಕಿತ್ಸೆಗೆ ಬಳಸದ ನ್ಯಾರಸಿನ್ ಬಂದ ಮೇಲೆ ಇಳಿಯಿತು. ಅದು ಕ್ಲಾಸ್ಟ್ರಿಡಿಯಂ ಅನ್ನೂ ತಡೆಯುವುದರಿಂದ ನಾರ್ವೆ ಆಗ ಮದ್ದಿನಿಂದ ಪೂರ್ತಿ ಬಿಡುಗಡೆಯಾಗಿತ್ತು ಎನ್ನಲಾಗದು. ಆದರೂ ಜನರ ಚಿಕಿತ್ಸೆಯ ಔಷಧ ಬಳಸದೆಯೂ ಕೋಳಿ ಉಳಿಸಬಹುದು ಎಂಬುದು ಖಚಿತವಾಯಿತು.

ನಮ್ಮಲ್ಲಿ ಪ್ರಶ್ನೆ ಹೊಣೆಯದು. ಗುತ್ತಿಗೆ ಸಾಕಣೆಯಲ್ಲಿ ಮರಿ, ಫೀಡು, ಔಷಧಿ ಕಂಪನಿಯದು. ಷೆಡ್ಡು, ಲಿಟರು, ದುಡಿಮೆ ರೈತನದು. ಫೀಡಿನಲ್ಲಿ ಏನಿದೆ ಎಂದು ತಿಳಿಯದವನ ಮೇಲೆ ರೋಗದ ನಷ್ಟವನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಫೀಡಿನ ಚೀಲದ ಮೇಲೆ ಬೆರೆಸಿದ ಮದ್ದಿನ ಹೆಸರಿರಲಿ, ಪಶುವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಸಿಗದಿರಲಿ, ಲಿಟರ್ ಒಣಗಿಸಿ ಕೋಳಿಗಳಿಗೆ ಜಾಗ ಬಿಟ್ಟ ರೈತನಿಗೆ ಕೂಲಿ ಹೆಚ್ಚಲಿ. ಇವಿಲ್ಲದ ನಿಷೇಧ ಕಾಗದದಲ್ಲೇ ಉಳಿಯುತ್ತದೆ.