ಠಕ್ಕೆಂದು ಬಿಚ್ಚುವ ಚಾಕು ಯಾರಿಗೆ ಬೇಕು?

ಬಿಕರ್ನಕಟ್ಟೆಯ ಅಂಗಡಿಗಳಲ್ಲಿ ಚಾಕುವಿಗೆ ಕೆಲಸ ಕಮ್ಮಿಯೇನೂ ಇಲ್ಲ. ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ರಾತ್ರಿ ಎಳೆಯುವ ತನಕ ಗೋಣಿಯ ಹೊಲಿಗೆ ಬಿಚ್ಚಬೇಕು, ರಟ್ಟಿನ ಪೆಟ್ಟಿಗೆಯ ಟೇಪು ಸೀಳಬೇಕು, ಸುತಲಿ ತುಂಡು ಮಾಡಬೇಕು, ಬಾಳೆಗೊನೆಯಿಂದ ಚಿಪ್ಪು ಬಿಡಿಸಬೇಕು. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವವನಿಗೂ ಒಂದು ಮಾವಿನಹಣ್ಣು, ಒಂದು ಪೊಟ್ಟಣ ಇದ್ದೇ ಇರುತ್ತದೆ. ಕಿಸೆಯಲ್ಲೊಂದು ಮಡಚುವ ಚಾಕು ಇಟ್ಟುಕೊಂಡವರನ್ನೆಲ್ಲ ರೌಡಿಗಳೆಂದು ನೋಡುವುದು ಖಂಡಿತ ಸರಿಯಲ್ಲ.

ತಕರಾರು ಇರುವುದು ಬೇರೆ ಕಡೆ. ಈಗಿನ ಹುಡುಗರು ಮೊಬೈಲಿನಲ್ಲಿ ನೋಡಿ ತರಿಸಿಕೊಳ್ಳುವುದು ಅಜ್ಜಂದಿರ ಹೋಳಡಿಕೆ ಕೊಯ್ಯುವ ಚಾಕುವನ್ನಲ್ಲ. ಬೆರಳು ತಾಗಿಸಿದರೆ ಸಾಕು, ಠಕ್ಕೆಂದು ಹೊರಗೆ ಹಾರುವ ಸ್ಪ್ರಿಂಗ್ ಚಾಕುವನ್ನು.

ಇದು ಹಿಂದಿ ಸಿನಿಮಾದ ಖಳನಾಯಕನ ಗುಂಡಿ ಚಾಕುವೂ ಅಲ್ಲ, ಅದರ ತಮ್ಮ. ಗುಂಡಿ ಚಾಕುವಿನಲ್ಲಿ ಹಿಡಿಯ ಮೇಲಿನ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಇದರಲ್ಲಿ ಅಲಗಿನ ಬುಡದ ಸಣ್ಣ ಮೊಳೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ನೂಕಬೇಕು. ಅಷ್ಟರ ತನಕ ಒಳಗಿನ ಸ್ಪ್ರಿಂಗ್ ಅಲಗನ್ನು ಮುಚ್ಚಿಯೇ ಹಿಡಿದಿರುತ್ತದೆ. ಒಂದು ಹಂತ ದಾಟಿತೋ, ಅದೇ ಸ್ಪ್ರಿಂಗ್ ಪಕ್ಷ ಬದಲಾಯಿಸಿ ಅಲಗನ್ನು ಹೊರಕ್ಕೆ ತಳ್ಳುತ್ತದೆ. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ದೊಡ್ಡ ದೇಶಗಳೇ ಎರಡು ಪಂಗಡವಾಗಿವೆ. ಅಮೆರಿಕಾದವರು ತಮ್ಮ 1958ರ ಗುಂಡಿ ಚಾಕು ಕಾನೂನಿನಿಂದ ಇದನ್ನು 2009ರಲ್ಲಿ ಹೊರಗಿಟ್ಟರು. ಬ್ರಿಟನ್ನಿನವರು 2021ರಲ್ಲಿ ಇದನ್ನೂ ಅದೇ ನಿಷೇಧದ ಬುಟ್ಟಿಗೆ ಹಾಕಿದರು.

ಅದಿರಲಿ. ಬಿಕರ್ನಕಟ್ಟೆಯ ಯಾವ ಕೆಲಸಕ್ಕೆ ಈ ಅರ್ಧ ಸೆಕೆಂಡಿನ ಅವಸರ? ಸಕ್ಕರೆ ಗೋಣಿ ಎದ್ದು ಓಡಿಹೋಗುತ್ತದೆಯೆ? "ಒಂದೇ ಕೈಯಲ್ಲಿ ಬಿಚ್ಚಬಹುದು ಮಾರಾಯ್ರೆ" ಎಂಬ ವಾದ ಉಂಟು. ಬಂದರಿನಲ್ಲಿ ಒಂದು ಕೈಯಲ್ಲಿ ಬಲೆಯ ಹಗ್ಗ ಹಿಡಿದ ದೋಣಿಯವನಿಗೆ ಆ ಮಾತು ಸರಿ. ಆದರೆ ಅದಕ್ಕೂ ಸ್ಪ್ರಿಂಗ್ ಬೇಕಾಗಿಲ್ಲ. ಹೆಬ್ಬೆರಳಿಗೆ ಸಿಗುವ ಮೊಳೆ ಅಥವಾ ತೂತು ಇರುವ ಸಾದಾ ಚಾಕುವೂ ಒಂದೇ ಕೈಯಲ್ಲಿ ಬಿಚ್ಚುತ್ತದೆ, ಸದ್ದು ಮಾಡದೆ.

ಇನ್ನು ಈ ಊರಿನ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ, ಉಪ್ಪಿನ ಗಾಳಿ ಬೀಸುವ ಊರಿನಲ್ಲಿ ಬೀರುವಿನ ಬೀಗವೇ ತುಕ್ಕು ಹಿಡಿಯುತ್ತದೆ. ಕಿಸೆಯ ಬೆವರಿನಲ್ಲಿ ನೆನೆಯುವ ಕೂದಲೆಳೆಯಂತಹ ಸ್ಪ್ರಿಂಗಿನ ಪಾಡೇನು? ಅದರ ಮೇಲೆ ಹಲಸಿನ ಕಾಲದಲ್ಲಿ ಒಂದು ಸಲ ಕೀಲಿಗೆ ಮೇಣ ಹೊಕ್ಕರೆ ಮುಗಿಯಿತು, ಅರ್ಧಕ್ಕೆ ಬಂದು ನಿಲ್ಲುತ್ತದೆ. ಸಾದಾ ಚಾಕುವಾದರೆ ತೆಂಗಿನೆಣ್ಣೆ ಬಟ್ಟೆಯಲ್ಲಿ ಉಜ್ಜಿ ನಾಲ್ಕು ಸಲ ಮಡಚಿ ಬಿಚ್ಚಿದರೆ ಸರಿಹೋಯಿತು. ಸ್ಪ್ರಿಂಗಿನದನ್ನು ಬಿಚ್ಚಿ ಜೋಡಿಸುವಷ್ಟರಲ್ಲಿ ಸಣ್ಣ ಸ್ಕ್ರೂ ಎಲ್ಲೋ ಹಾರಿರುತ್ತದೆ.

ಬಸ್ಸಿನ ಸಂಗತಿ ಇನ್ನೂ ಗಂಭೀರ. ಮೂಡುಬಿದಿರೆ ಕಡೆಯ ಬಸ್ಸಿನಲ್ಲಿ ಸಂಜೆ ಆರಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ನಂತೂರಿನಲ್ಲಿ ಡ್ರೈವರ್ ಬ್ರೇಕು ಹಾಕಿದರೆ ಹಿಂದಿನವರೆಲ್ಲ ಮುಂದಿನವರ ಮೇಲೆ. ಕಿಸೆಯಲ್ಲಿ ಕೀಲಿಗೊಂಚಲಿಗೋ ನಾಣ್ಯಕ್ಕೋ ತಾಗಿ ಆ ಮೊಳೆ ಸ್ವಲ್ಪ ಸರಿದರೆ ಉಳಿದದ್ದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ, ಇಟ್ಟುಕೊಂಡವನ ತೊಡೆಯ ಮೇಲೆಯೇ. ತಾನಾಗಿ ಬಿಚ್ಚದಂತೆ ತಡೆಯುವ ಕೊಂಡಿ ಕೆಲವಕ್ಕೆ ಇರುತ್ತದೆ, ಅಗ್ಗದ ಮಾಲಿಗೆ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1959ರ ಆಯುಧ ಕಾಯಿದೆಯ ಕೆಳಗಿನ 2016ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಅಡುಗೆ, ಬೇಸಾಯ, ಕೈಗಾರಿಕೆಯ ಕತ್ತಿಗಳಿಗೆ ವಿನಾಯಿತಿ. ಇಲ್ಲವಾಗಿದ್ದರೆ ಕರಾವಳಿಯ ತೋಟದ ಮನೆಯವರೆಲ್ಲ ಠಾಣೆಯ ಮೆಟ್ಟಿಲು ಹತ್ತಬೇಕಿತ್ತು! ಕಿಸೆಯ ಚಾಕು ಈ ಅಳತೆಯ ಹತ್ತಿರವೂ ಬರುವುದಿಲ್ಲ. ಇಷ್ಟು ಹೇಳಿ ಮಾರುವವರು ಕೈ ತೊಳೆದುಕೊಳ್ಳುತ್ತಾರೆ.

ಆದರೆ ದೆಹಲಿ ಆಡಳಿತ 1980ರಲ್ಲಿಯೇ ಸ್ಪ್ರಿಂಗ್, ಗುಂಡಿ ಇತ್ಯಾದಿಗಳಿಂದ ಬಿಚ್ಚುವ ಚಾಕುಗಳಿಗೆ ಪ್ರತ್ಯೇಕ ಅಳತೆ ಇಟ್ಟಿತು: ಉದ್ದ 7.62 ಸೆಂಟಿಮೀಟರ್, ಅಗಲ 1.72. ಅಂದರೆ ಮೂರು ಇಂಚು, ಅಷ್ಟೇ. ಆ ಅಧಿಸೂಚನೆ ತಯಾರಿ ಮತ್ತು ಮಾರಾಟಕ್ಕೆ ಸಂಬಂಧಿಸಿದ್ದು ಎಂದು 2025ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸನ್ನು ರದ್ದು ಮಾಡಿತು. ನ್ಯಾಯ ಸಿಕ್ಕಿತು, ಸಂತೋಷ. ಒಂದು ಕಿಸೆಯ ಚಾಕುವಿಗಾಗಿ ಸುಪ್ರೀಂ ಕೋರ್ಟಿನ ತನಕ ಅಲೆಯುವ ಪುರುಸೊತ್ತು ಯಾವ ಅಂಗಡಿಯವನಿಗೆ ಉಂಟು?

ದೆಹಲಿಯ ಅಧಿಸೂಚನೆ ದೆಹಲಿಗೆ ಮಾತ್ರ, ನಿಜ. ಆದರೆ ಮಂಗಳೂರಿನ ಹಣೆಬರಹ ಬೇರೆ. ಚೂರಿ ಇರಿತದ ಸುದ್ದಿ ಇಲ್ಲಿ ಹೊಸತಲ್ಲ. 2025ರ ಮೇ ಮೊದಲ ವಾರ ಬಜ್ಪೆಯ ಕೊಲೆಯ ಬೆನ್ನಿಗೆ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ಪ್ರತಿಬಂಧಕಾಜ್ಞೆ ಬಂತು. ಹಿಂದೆಲ್ಲ ಜನ 144 ಎನ್ನುತ್ತಿದ್ದದ್ದು ಇದನ್ನೇ. ಅಂತಹ ದಿನಗಳಲ್ಲಿ ಆಯುಧ ಹಿಡಿದು ತಿರುಗುವಂತಿಲ್ಲ. ರಾತ್ರಿ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಹೋಗುವ ಹುಡುಗನನ್ನು ನಾಕಾಬಂದಿಯಲ್ಲಿ ನಿಲ್ಲಿಸಿ ಕಿಸೆ ನೋಡುತ್ತಾರೆ.

"ಎಂತದಾ ಇದು?"

"ಅಂಗಡಿಯ ಚಾಕು ಸರ್, ಗೋಣಿ ಕೊಯ್ಲಿಕ್ಕೆ."

ಪೊಲೀಸಿನವನು ಮೊಳೆ ಒತ್ತುತ್ತಾನೆ. ಠಕ್! ಆಮೇಲೆ ಗೋಣಿಯ ಕಥೆಯನ್ನು ಯಾರು ನಂಬಬೇಕು? ಅಂಗಡಿಯಲ್ಲಿ ಕೊಳ್ಳುವಾಗ ಅದು ಚಾಕು, ಠಾಣೆಯ ಮಹಜರಿನಲ್ಲಿ ಅದೇ ಚೂರಿ. ಸಾದಾ ಮಡಚುವ ಚಾಕುವಾದರೆ ಬಚಾವ್ ಎಂದೇನೂ ಅಲ್ಲ. ಆದರೆ ಎರಡು ಕೈಯಲ್ಲಿ, ಉಗುರು ಸಿಕ್ಕಿಸಿ ಬಿಚ್ಚಬೇಕಾದ ಚಾಕುವನ್ನು ನೋಡಿದ ಪೊಲೀಸಿನವನಿಗೂ ಅಡಿಕೆಯ ನೆನಪಾದೀತು.

"ರಕ್ಷಣೆಗೆ ಬೇಕಲ್ವಾ?" ಎನ್ನುವವರೂ ಇದ್ದಾರೆ. ಅವರು ತಿಳಿದುಕೊಳ್ಳಬೇಕಾದ ಲೆಕ್ಕ ಒಂದುಂಟು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರಿಗೈಯಲ್ಲಿ ಹೊಡೆದು ಸಾಮಾನ್ಯ ಗಾಯ ಮಾಡಿದರೆ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ. ಅದೇ ಗಾಯ ಅಲಗಿನಿಂದ ಆದರೆ 118ನೇ ಕಲಮು, ಮೂರು ವರ್ಷದ ತನಕ. ಪಾರ್ಕಿಂಗ್ ಜಾಗಕ್ಕೆ ಹುಟ್ಟಿದ ಮಾತಿಗೆ ಮಾತು ಕಪಾಳಕ್ಕೆ ಎರಡೇಟಿನಲ್ಲಿ ಮುಗಿಯಬೇಕಾದದ್ದು, ಕಿಸೆಯಲ್ಲಿ ಠಕ್ಕೆನ್ನುವ ಸಾಮಾನು ಇದ್ದುದರಿಂದ ಆಸ್ಪತ್ರೆ, ಕೋರ್ಟು ಎಂದು ಬೆಳೆಯುತ್ತದೆ. ಬೇರೆ ಚಾಕುವಾದರೆ ಉಗುರು ಸಿಕ್ಕಿಸುವಷ್ಟರಲ್ಲಿ ಪಕ್ಕದ ಅಂಗಡಿಯ ಅಣ್ಣ ಬಂದು ಕೈ ಹಿಡಿಯಲು ಸಮಯ ಉಂಟು. ರಾತ್ರಿ ಒಬ್ಬರೇ ಹೋಗುವ ಹೆಂಗಸರಿಗೂ ಚಾಕುವಿಗಿಂತ ಫೋನಿನ 112 ಹೆಚ್ಚು ಉಪಕಾರಿ. ಎದುರಿನವನು ಕಿತ್ತುಕೊಂಡ ಚಾಕು ಮತ್ತೆ ಅವನದೇ.

ಹಾಗಾದರೆ ಕೊಳ್ಳುವುದು ಯಾವುದು? ಅಲಗು ಅಂಗೈಗಿಂತ ಗಿಡ್ಡ, ಎರಡೂವರೆ ಇಂಚು ಸಾಕು. ತುಕ್ಕು ಹಿಡಿಯದ ಉಕ್ಕು. ಬಿಚ್ಚಿದಾಗ ಅಲಗು ಅತ್ತಿತ್ತ ಅಲ್ಲಾಡಬಾರದು. ಬಿಗಿ ಕೆಲಸ ಇರುವವರು ಬಿಚ್ಚಿದ ಮೇಲೆ ನಿಲ್ಲಿಸುವ ಬೀಗ ಇರುವುದನ್ನೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಒತ್ತುವಾಗ ಮಡಚಿ ಬೆರಳಿಗೆ ಬರುತ್ತದೆ. ಮರದ ಹಿಡಿಗೆ ಬಳೆಯಂತಹ ಬೀಗ ಇರುವ ಫ್ರಾನ್ಸಿನ ಒಪಿನೆಲ್ ಒಳ್ಳೆಯದೇ, ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾದೀತು, ಅಷ್ಟೇ. ಕಚೇರಿಗೆ ಹೋಗುವವರಿಗೆ ಕೀಲಿಗೊಂಚಲಿಗೆ ಸಿಕ್ಕಿಸುವ 58 ಮಿಲಿಮೀಟರಿನ ಸ್ವಿಸ್ ಚಾಕು ಧಾರಾಳ. ಕತ್ತರಿಯೂ ಅದರಲ್ಲೇ ಉಂಟು. ಕಪ್ಪು ಬಣ್ಣ, ಗರಗಸದ ಹಲ್ಲು, ತಲೆಬುರುಡೆಯ ಚಿತ್ರ ಇರುವುದು ಬೇಡವೇ ಬೇಡ. ಅಂಗಡಿಯವರಿಗೆ ಇದು ಯಾವುದೂ ಬೇಡ, ಕೌಂಟರಿನ ಮೊಳೆಗೆ ಹುರಿ ಹಾಕಿ ಕಟ್ಟಿದ ಒಂದು ಚಾಕು ಸಾಕು. ರಾತ್ರಿ ಅದು ಅಲ್ಲೇ ಇರುತ್ತದೆ, ಹುಡುಗ ಬರಿಗಿಸೆಯಲ್ಲಿ ಮನೆಗೆ ಹೋಗುತ್ತಾನೆ.

ದುಬೈ ವಿಮಾನ ಹತ್ತುವವರು ಮಾತ್ರ ಹೊರಡುವ ಮೊದಲು ಕೀಲಿಗೊಂಚಲು ನೋಡಿಕೊಳ್ಳಬೇಕು. ಚಾಕು ದೊಡ್ಡ ಪೆಟ್ಟಿಗೆಗೆ ಹೋಗಬೇಕಾದದ್ದು, ಕೈಚೀಲದಲ್ಲಿ ಉಳಿದರೆ ಬಜ್ಪೆಯ ತಪಾಸಣೆಯಲ್ಲಿಯೇ ಬಿಟ್ಟು ಹೋಗಬೇಕಾಗುತ್ತದೆ.