ಭೂತಾನ್ ನಿಜಕ್ಕೂ ಜಗತ್ತಿನ ಅತಿ ಸಂತೋಷದ ದೇಶವೇ? ಫಿನ್‌ಲ್ಯಾಂಡ್ ಪಕ್ಕದಲ್ಲಿಟ್ಟು ನೋಡೋಣ

ಭೂತಾನ್‌ನ ಜನರಿಗೆ ಹಣ ಬೇಡ, ನೆಮ್ಮದಿ ಸಾಕು, ಅದಕ್ಕೇ ಅದು ಜಗತ್ತಿನ ಅತ್ಯಂತ ಸಂತೋಷದ ದೇಶ. ಈ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಜೊತೆಗೆ ಬೆಟ್ಟದ ಅಂಚಿನ ಮಠದ ಚಿತ್ರ, ನಗುವ ಮಕ್ಕಳ ಚಿತ್ರ ಇರುತ್ತದೆ. ಆದರೆ ಪ್ರತಿ ವರ್ಷ ಮಾರ್ಚ್ 20ರ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಬರುವ ಸುದ್ದಿಯೇ ಬೇರೆ. ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೆ ಸತತ 8 ಬಾರಿ ಮೊದಲ ಸ್ಥಾನ ಪಡೆದಿರುವುದು ಫಿನ್‌ಲ್ಯಾಂಡ್. 2025ರಲ್ಲಿ ಭಾರತಕ್ಕೆ 147 ದೇಶಗಳ ಪೈಕಿ 118ನೇ ಸ್ಥಾನ.

ಇವೆರಡರಲ್ಲಿ ಯಾವುದು ಸರಿ? ಅದಕ್ಕಿಂತ ಮುಖ್ಯವಾಗಿ, ಇಷ್ಟೊಂದು ಬೇರೆಯಾದ ಎರಡು ದೇಶಗಳ ಬದುಕನ್ನು ಹೋಲಿಸುವುದು ಹೇಗೆ? ಈ ಲೇಖನದಲ್ಲಿ ನಾವು ಅದನ್ನು ಒಂದೊಂದಾಗಿ ನೋಡೋಣ.

ಎರಡು ದೇಶಗಳು ಎಷ್ಟು ಭಿನ್ನ?

ಭೂತಾನ್ ಹಿಮಾಲಯದ ಮಡಿಲಿನ ಪುಟ್ಟ ದೇಶ. ಜನಸಂಖ್ಯೆ 8 ಲಕ್ಷಕ್ಕಿಂತ ಕಡಿಮೆ. ಬೌದ್ಧ ಧರ್ಮ ಅಲ್ಲಿನ ಬದುಕಿನ ಭಾಗ. ಕಚೇರಿ ಮತ್ತು ಶಾಲೆಗಳಲ್ಲಿ ಗಂಡಸರು 'ಘೋ', ಹೆಂಗಸರು 'ಕಿರಾ' ಎಂಬ ಸಾಂಪ್ರದಾಯಿಕ ಉಡುಪು ತೊಡಬೇಕು. 1960ರ ದಶಕದ ಆರಂಭದವರೆಗೆ ಅಲ್ಲಿ ವಾಹನ ಓಡುವ ರಸ್ತೆಯೇ ಇರಲಿಲ್ಲ. ಟಿವಿ ಪ್ರಸಾರ ಆರಂಭವಾಗಿದ್ದು 1999ರಲ್ಲಿ.

ಫಿನ್‌ಲ್ಯಾಂಡ್ ಯುರೋಪಿನ ಉತ್ತರ ತುದಿಯಲ್ಲಿದೆ. ಜನಸಂಖ್ಯೆ ಸುಮಾರು 56 ಲಕ್ಷ. ದೇಶದ ಅತಿ ಉತ್ತರದಲ್ಲಿ ಚಳಿಗಾಲದ ಸುಮಾರು 50 ದಿನ ಸೂರ್ಯ ಹುಟ್ಟುವುದೇ ಇಲ್ಲ. ಬಿಸಿ ಹಬೆಯಲ್ಲಿ ಕುಳಿತು ಬೆವರುವ ಸೌನಾ ಅಲ್ಲಿನ ಸಂಸ್ಕೃತಿ. ಇಡೀ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ, ಅಂದರೆ ಹೆಚ್ಚುಕಡಿಮೆ ಇಬ್ಬರಿಗೆ ಒಂದು.

ಆದಾಯವನ್ನು ನೇರವಾಗಿ ಡಾಲರ್‌ಗೆ ಬದಲಿಸಿ ನೋಡಿದರೆ ಫಿನ್‌ಲ್ಯಾಂಡ್‌ನ ತಲಾ ಆದಾಯ ಭೂತಾನ್‌ನ ಹತ್ತು ಪಟ್ಟಿಗಿಂತಲೂ ಹೆಚ್ಚು. ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಥಿಂಪುವಿನಲ್ಲಿ ಕೂದಲು ಕತ್ತರಿಸಿಕೊಳ್ಳಲು ಆಗುವ ಖರ್ಚು ಹೆಲ್ಸಿಂಕಿಯಲ್ಲಿ ಆಗುವ ಖರ್ಚಿಗೆ ಸಮವಲ್ಲ. ಒಂದೇ ಡಾಲರ್ ಬಡ ದೇಶದಲ್ಲಿ ಹೆಚ್ಚು ಸಾಮಾನು, ಹೆಚ್ಚು ಸೇವೆ ತರುತ್ತದೆ. ಆದ್ದರಿಂದ ಅರ್ಥಶಾಸ್ತ್ರಜ್ಞರು 'ಕೊಳ್ಳುವ ಶಕ್ತಿ'ಯ ಲೆಕ್ಕ ಹಾಕುತ್ತಾರೆ. ಹಾಗೆ ನೋಡಿದರೆ ಅಂತರ ಸುಮಾರು ನಾಲ್ಕು ಪಟ್ಟಿಗೆ ಇಳಿಯುತ್ತದೆ. ಕಡಿಮೆಯೇನಲ್ಲ, ಆದರೆ ಮೊದಲು ಕಂಡಷ್ಟು ದೊಡ್ಡದೂ ಅಲ್ಲ. ಸರಾಸರಿ ಆಯಸ್ಸು ಫಿನ್‌ಲ್ಯಾಂಡ್‌ನಲ್ಲಿ ಸುಮಾರು 82 ವರ್ಷ, ಭೂತಾನ್‌ನಲ್ಲಿ ಸುಮಾರು 73.

'ಅತಿ ಸಂತೋಷದ ದೇಶ' ಎಂಬ ಮಾತು ಎಲ್ಲಿಂದ ಬಂತು?

1970ರ ದಶಕದಲ್ಲಿ ಭೂತಾನ್‌ನ ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು, ದೇಶದ ಒಟ್ಟು ಉತ್ಪನ್ನಕ್ಕಿಂತ ಒಟ್ಟು ರಾಷ್ಟ್ರೀಯ ಸಂತೋಷ ಮುಖ್ಯ ಎಂಬ ವಿಚಾರ ಮುಂದಿಟ್ಟರು. 2008ರ ಸಂವಿಧಾನದಲ್ಲೂ ಅದು ಸೇರಿತು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. 'ಸಂತೋಷ ನಮ್ಮ ಗುರಿ' ಎನ್ನುವುದು ಬೇರೆ, 'ನಾವು ಎಲ್ಲರಿಗಿಂತ ಸಂತೋಷವಾಗಿದ್ದೇವೆ' ಎನ್ನುವುದು ಬೇರೆ. ಭೂತಾನ್ ಹೇಳಿದ್ದು ಮೊದಲನೆಯದನ್ನು. ಹರಡಿದ್ದು ಎರಡನೆಯದು.

2006ರಲ್ಲಿ ಬ್ರಿಟನ್‌ನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬೇರೆ ಬೇರೆ ಅಧ್ಯಯನಗಳ ಅಂಕಿ ಸಂಖ್ಯೆ ಸೇರಿಸಿ ಜಗತ್ತಿನ ಸಂತೋಷದ ನಕ್ಷೆ ತಯಾರಿಸಿದರು. ಅದರಲ್ಲಿ ಭೂತಾನ್‌ಗೆ 8ನೇ ಸ್ಥಾನ, ಫಿನ್‌ಲ್ಯಾಂಡ್‌ಗೆ 6ನೇ ಸ್ಥಾನ ಸಿಕ್ಕಿತ್ತು. ಇದಾದ 13 ವರ್ಷದ ನಂತರ, 2019ರ ವಿಶ್ವ ಸಂತೋಷ ವರದಿಯಲ್ಲಿ 156 ದೇಶಗಳ ಪೈಕಿ ಭೂತಾನ್ 95ನೆಯದು. ನಂತರದ ಪಟ್ಟಿಗಳಲ್ಲಿ ಅದರ ಹೆಸರೇ ಇಲ್ಲ. ಇದರರ್ಥ ಅದು ಕೊನೆಗೆ ಜಾರಿತು ಎಂದಲ್ಲ. ಸಾಕಷ್ಟು ಹೊಸ ಸಮೀಕ್ಷೆಯ ಮಾಹಿತಿ ಇಲ್ಲದ ದೇಶಗಳನ್ನು ಪಟ್ಟಿಗೆ ಸೇರಿಸುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. 2011ರಲ್ಲಿ ವಿಶ್ವಸಂಸ್ಥೆ ಸಂತೋಷದ ಕುರಿತು ನಿರ್ಣಯ ಅಂಗೀಕರಿಸಿದ್ದು ಭೂತಾನ್‌ನ ಒತ್ತಾಸೆಯಿಂದ. ಅದರ ಮುಂದುವರಿಕೆಯಾಗಿಯೇ 2012ರಲ್ಲಿ ಮೊದಲ ವಿಶ್ವ ಸಂತೋಷ ವರದಿ ಬಂತು. ಅಂದರೆ ತನ್ನನ್ನು 95ನೇ ಸ್ಥಾನದಲ್ಲಿ ನಿಲ್ಲಿಸಿದ ಪಟ್ಟಿಯ ಹುಟ್ಟಿಗೆ ಭೂತಾನ್ ಕೂಡ ಕಾರಣ.

ಫಿನ್‌ಲ್ಯಾಂಡ್ ಮೊದಲ ಸ್ಥಾನ ಪಡೆಯುವುದು ಹೇಗೆ?

ಈ ವರದಿಯ ಸ್ಥಾನಗಳನ್ನು ಆದಾಯ, ಆಯಸ್ಸು, ಭ್ರಷ್ಟಾಚಾರ ಎಲ್ಲವನ್ನೂ ಕೂಡಿಸಿ ಕೊಡುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಸ್ಥಾನ ನಿಗದಿಯಾಗುವುದು ಒಂದೇ ಒಂದು ಪ್ರಶ್ನೆಯ ಉತ್ತರದಿಂದ. ಒಂದು ಏಣಿಯನ್ನು ಊಹಿಸಿಕೊಳ್ಳಿ, ಮೇಲಿನ 10ನೇ ಮೆಟ್ಟಿಲು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಕೆಳಗಿನ 0 ಅತ್ಯಂತ ಕೆಟ್ಟ ಬದುಕು, ನೀವು ಈಗ ಎಲ್ಲಿ ನಿಂತಿದ್ದೀರಿ ಎಂದು ಕೇಳುತ್ತಾರೆ. ಮೂರು ವರ್ಷದ ಉತ್ತರಗಳ ಸರಾಸರಿಯೇ ದೇಶದ ಅಂಕ. ಆದಾಯ, ಆರೋಗ್ಯ, ಕಷ್ಟಕ್ಕೆ ಆಗುವ ಜನ, ಸ್ವಾತಂತ್ರ್ಯ, ದಾನಗುಣ, ಭ್ರಷ್ಟಾಚಾರ ಎಂಬ ಆರು ಅಂಶಗಳನ್ನು ಬಳಸುವುದು ಅಂಕದಲ್ಲಿ ವ್ಯತ್ಯಾಸ ಏಕೆ ಬಂತು ಎಂದು ವಿವರಿಸಲು ಮಾತ್ರ.

ಗಮನಿಸಿ, ಇಲ್ಲಿ 'ನೀವು ನಗುತ್ತೀರಾ' ಎಂದು ಕೇಳಿಲ್ಲ. ಬದುಕು ಒಟ್ಟಾರೆ ತೃಪ್ತಿ ತಂದಿದೆಯೇ ಎಂದು ಕೇಳಲಾಗಿದೆ. ಸೂರ್ಯ ಕಾಣದ ಚಳಿಗಾಲದಲ್ಲಿ ಮುಖ ಗಂಟಿಕ್ಕಿಕೊಂಡು ಬಸ್ಸಿಗೆ ಕಾಯುವವರೂ 'ನನ್ನ ಬದುಕು 8ನೇ ಮೆಟ್ಟಿಲಲ್ಲಿದೆ' ಎನ್ನಬಹುದು.

ಉತ್ತರದಲ್ಲಿ ಸಂಸ್ಕೃತಿಯ ಪಾಲು ಎಷ್ಟು?

'ಹೇಗಿದ್ದೀರಿ?' ಎಂದು ಯಾರಾದರೂ ಕೇಳಿದರೆ ನಾವು ಏನು ಹೇಳುತ್ತೇವೆ? 'ಪರವಾಗಿಲ್ಲ, ನಡೀತಿದೆ.' ಎಲ್ಲ ಚೆನ್ನಾಗಿದ್ದರೂ 'ತುಂಬಾ ಚೆನ್ನಾಗಿದ್ದೇನೆ' ಎನ್ನಲು ಹಿಂಜರಿಕೆ. ದೃಷ್ಟಿ ತಾಗೀತು ಎಂಬ ಅಳುಕು. ಇಂತಹ ಅಭ್ಯಾಸ ಸಮೀಕ್ಷೆಯ ಉತ್ತರದಲ್ಲೂ ಇಣುಕಬಹುದು.

ಹಾಗಾದರೆ ಪಟ್ಟಿಯೆಲ್ಲ ಬರೀ ಸಂಸ್ಕೃತಿಯ ಆಟವೇ? ಅಲ್ಲ. ಫಿನ್ನರಲ್ಲೂ ತಮ್ಮ ಸಂತೋಷವನ್ನು ಮೆರೆಸಬಾರದು ಎಂಬ ಸಂಕೋಚ ಬಲವಾಗಿದೆ. ಆದರೂ ಅವರ ಅಂಕ ಮೇಲಿದೆ. ಅದಕ್ಕೆ ಕಾರಣಗಳಲ್ಲಿ ಒಂದು ಪರಸ್ಪರ ನಂಬಿಕೆ. 2013ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಹಲವು ನಗರಗಳಲ್ಲಿ ತಲಾ 12 ಪರ್ಸ್‌ಗಳನ್ನು ಬೇಕೆಂದೇ 'ಕಳೆದು' ನೋಡಿತು. ಹೆಲ್ಸಿಂಕಿಯಲ್ಲಿ 11 ವಾಪಸ್ ಬಂದವು. ಇದು ದೊಡ್ಡ ವೈಜ್ಞಾನಿಕ ಪ್ರಯೋಗವಲ್ಲ, ಆದರೆ ಸಂಶೋಧಕರು ಬೇರೆ ರೀತಿಯಲ್ಲಿ ಕಂಡುಕೊಂಡಿರುವುದನ್ನೇ ಇದೂ ಸೂಚಿಸುತ್ತದೆ. ಬಿದ್ದರೆ ಹಿಡಿಯುವವರು ಇದ್ದಾರೆ ಎಂಬ ಭರವಸೆ ಇರುವಲ್ಲಿ ಬದುಕಿನ ತೃಪ್ತಿ ಹೆಚ್ಚು.

ಫಿನ್‌ಲ್ಯಾಂಡ್ ಮೊದಲಿನಿಂದಲೂ ಹೀಗೇ ಇತ್ತೇ?

ಖಂಡಿತ ಇಲ್ಲ. 1866ರಿಂದ 1868ರ ಕ್ಷಾಮದಲ್ಲಿ ಅಲ್ಲಿನ ಜನಸಂಖ್ಯೆಯ ಸುಮಾರು ಶೇ. 8ರಷ್ಟು ಮಂದಿ ಸತ್ತರು. 1917ರಲ್ಲಿ ಸ್ವಾತಂತ್ರ್ಯ, ಮರುವರ್ಷವೇ ಅಂತರ್ಯುದ್ಧ. 1930ರ ದಶಕದಲ್ಲಿ ಹುಟ್ಟಿದ 1,000 ಶಿಶುಗಳಲ್ಲಿ ಸುಮಾರು 65 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಗ ಆ ಸಂಖ್ಯೆ ಸುಮಾರು 2.

ಈ ಬದಲಾವಣೆಗೆ ಹಲವು ಕಾರಣಗಳಿವೆ, ಆದರೆ ಕೆಲವು ಹೆಜ್ಜೆಗಳು ತುಂಬಾ ಸರಳ. 1938ರಿಂದ ಬಡ ತಾಯಂದಿರಿಗೆ ಬಟ್ಟೆ, ಹಾಸಿಗೆ ತುಂಬಿದ ಬಾಣಂತಿ ಪೆಟ್ಟಿಗೆ ಕೊಡತೊಡಗಿದರು, 1949ರಿಂದ ಅದು ಎಲ್ಲರಿಗೂ ಸಿಕ್ಕಿತು. ಆದರೆ ಅದನ್ನು ಪಡೆಯಲು ಗರ್ಭಿಣಿ ನಾಲ್ಕು ತಿಂಗಳು ತುಂಬುವುದರೊಳಗೆ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು. ಪೆಟ್ಟಿಗೆಗಾಗಿ ಬಂದವರಿಗೆ ವೈದ್ಯಕೀಯ ಆರೈಕೆಯೂ ದೊರೆಯಿತು. 1948ರಿಂದ ಎಲ್ಲ ಶಾಲಾ ಮಕ್ಕಳಿಗೆ ಉಚಿತ ಊಟ ಜಾರಿಗೆ ಬಂತು. ಆಗ ಫಿನ್‌ಲ್ಯಾಂಡ್ ಯುದ್ಧದಿಂದ ಜರ್ಜರಿತವಾದ, ಶ್ರೀಮಂತವಲ್ಲದ ದೇಶ. ಹಣ ಬಂದ ಮೇಲೆ ಇದನ್ನೆಲ್ಲ ಮಾಡಲಿಲ್ಲ, ಇದ್ದ ಹಣದಲ್ಲೇ ಶುರು ಮಾಡಿತು.

ಮಾನಸಿಕ ಆರೋಗ್ಯದ ವಿಷಯದಲ್ಲೂ ಹಾಗೆಯೇ. 1990ರಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಲಕ್ಷಕ್ಕೆ ಸುಮಾರು 30, ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಸರ್ಕಾರ ಅದನ್ನು ಮುಚ್ಚಿಡಲಿಲ್ಲ. ರಾಷ್ಟ್ರಮಟ್ಟದ ತಡೆ ಯೋಜನೆ ರೂಪಿಸಿತು. ಖಿನ್ನತೆಯ ಚಿಕಿತ್ಸೆಯೂ ಸುಧಾರಿಸಿತು. ಈಗ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿದೆ.

ಹಾಗಾದರೆ ಭೂತಾನ್ ಸೋತಿದೆಯೇ?

ಭೂತಾನ್‌ಗೆ ತನ್ನದೇ ಅಳತೆಗೋಲಿದೆ. ಮಾನಸಿಕ ನೆಮ್ಮದಿ, ಆರೋಗ್ಯ, ಶಿಕ್ಷಣ, ಸಮಯದ ಬಳಕೆ, ಸಂಸ್ಕೃತಿ, ಆಡಳಿತ, ನೆರೆಹೊರೆಯ ಒಡನಾಟ, ಪರಿಸರ, ಜೀವನಮಟ್ಟ ಎಂಬ ಒಂಬತ್ತು ವಿಭಾಗಗಳು, ಅವುಗಳಡಿ 33 ಸೂಚಕಗಳು. ಸಾಂಪ್ರದಾಯಿಕ ಕರಕುಶಲ ಗೊತ್ತಿದೆಯೇ, ನಿದ್ದೆಗೆ ಎಷ್ಟು ಸಮಯ ಸಿಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸುಮಾರು ಮೂರನೇ ಎರಡು ಭಾಗದಲ್ಲಿ 'ಸಾಕಷ್ಟು' ಇರುವವರನ್ನು ಸಂತೋಷವಾಗಿರುವವರು ಎಂದು ಪರಿಗಣಿಸುತ್ತಾರೆ. 2022ರ ಸಮೀಕ್ಷೆಯಲ್ಲಿ ಅಂಥವರು ಶೇ. 48.1. ಅಂದರೆ ಅರ್ಧದಷ್ಟು ಜನ ಇನ್ನೂ ಆ ಮಟ್ಟ ಮುಟ್ಟಿಲ್ಲ ಎಂದು ಭೂತಾನ್ ತಾನೇ ಹೇಳುತ್ತಿದೆ.

ಮೊದಲ ಮೋಟಾರು ರಸ್ತೆ ಕಂಡು ಆರು ದಶಕವಷ್ಟೇ ಆದ ದೇಶದಲ್ಲಿ ಈಗ ಸರ್ಕಾರಿ ಚಿಕಿತ್ಸೆ, ಶಾಲಾ ಶಿಕ್ಷಣ ಉಚಿತ. ದೇಶದ ಶೇ. 60 ಭೂಮಿ ಸದಾ ಕಾಡಾಗಿರಬೇಕು ಎಂದು ಸಂವಿಧಾನವೇ ಹೇಳುತ್ತದೆ. 2023ರ ಡಿಸೆಂಬರ್‌ನಲ್ಲಿ ಅದು ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು.

ಆದರೆ 'ಅಲ್ಲಿನವರಿಗೆ ಹಣ ಬೇಡ' ಎಂಬುದು ಸುಳ್ಳು. 2022ರಲ್ಲಿ ಯುವಜನರ ನಿರುದ್ಯೋಗ ಶೇ. 28.6 ಇತ್ತು. ಇತ್ತೀಚಿನ ವರ್ಷಗಳಲ್ಲಿ ಸಾವಿರಾರು ಯುವಕ ಯುವತಿಯರು, ಅವರಲ್ಲಿ ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರೂ ಸೇರಿ, ಆಸ್ಟ್ರೇಲಿಯಾಗೆ ಹೊರಟಿದ್ದಾರೆ. ನೆಮ್ಮದಿಯ ನಾಡಿನವರಿಗೂ ಸಂಬಳ ಬೇಕು, ಮಕ್ಕಳ ಭವಿಷ್ಯ ಬೇಕು.

ಪಟ್ಟಿಯಲ್ಲಿ ಕಾಣದ ಜನ

ಸರಾಸರಿಯ ಒಳಗೆ ಯಾರಿಲ್ಲ ಎಂಬುದನ್ನೂ ಕೇಳಬೇಕು. ದೇಶದ ಸಂಸ್ಕೃತಿ ಕಾಪಾಡುವ ಹೆಸರಿನಲ್ಲಿ ಭೂತಾನ್ 1980ರ ದಶಕದ ಕೊನೆಗೆ ಪೌರತ್ವ ಮತ್ತು ಉಡುಪಿನ ನಿಯಮ ಬಿಗಿಗೊಳಿಸಿತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾಗದ ನೇಪಾಳಿ ಭಾಷಿಕರಾದ ಲ್ಹೋತ್ಸಂಪಾ ಸಮುದಾಯದ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ನೇಪಾಳದ ನಿರಾಶ್ರಿತ ಶಿಬಿರಗಳಲ್ಲಿ ವರ್ಷಗಟ್ಟಲೆ ಬದುಕಿದ ಅವರಲ್ಲಿ ಹೆಚ್ಚಿನವರು 2007ರ ನಂತರ ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆ ಕಂಡರು. ದೇಶದಿಂದ ಹೊರಹೋದವರನ್ನು ಯಾವ ಸಂತೋಷ ಸಮೀಕ್ಷೆಯೂ ಎಣಿಸುವುದಿಲ್ಲ.

ಫಿನ್‌ಲ್ಯಾಂಡ್‌ನಲ್ಲೂ ಇಂತಹ ಅಧ್ಯಾಯವಿದೆ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಅನೇಕ ಮಕ್ಕಳು ವಸತಿ ಶಾಲೆಗಳಲ್ಲಿ ತಮ್ಮ ಭಾಷೆಯನ್ನೇ ಕಳೆದುಕೊಂಡರು. ಆ ಅನ್ಯಾಯವನ್ನು ದಾಖಲಿಸಲು ಅಲ್ಲಿ ಆಯೋಗ ನೇಮಕವಾಗಿದ್ದು 2021ರಲ್ಲಿ.

ಒಟ್ಟಿನಲ್ಲಿ ಏನು ತಿಳಿಯಬೇಕು?

ಭೂತಾನ್ ಜಗತ್ತಿನ ಅತಿ ಸಂತೋಷದ ದೇಶ ಎನ್ನಲು ಆಧಾರವಿಲ್ಲ. ಫಿನ್‌ಲ್ಯಾಂಡ್‌ನ ಮೊದಲ ಸ್ಥಾನಕ್ಕೆ ಆಧಾರವಿದೆ, ಆದರೆ ಅದು ಒಂದು ಪ್ರಶ್ನೆಗೆ ಬಂದ ಉತ್ತರ, ಅಲ್ಲಿ ದುಃಖವಿಲ್ಲ ಎಂಬ ಪ್ರಮಾಣಪತ್ರವಲ್ಲ. ಸ್ಥಾನಗಳನ್ನು ನೋಡುವಾಗ ಏನನ್ನು ಕೇಳಿದರು, ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಎಂಬ ಮೂರು ಪ್ರಶ್ನೆ ಹಾಕಿದರೆ ಅರ್ಧ ಗೊಂದಲ ಕರಗುತ್ತದೆ.

ಹಣ ಬೇಡವೆಂದು ನೆಮ್ಮದಿಯಾಗಿರುವ ಬಡವರ ಕಥೆ ಕೇಳಲು ಹಿತ. ಆದರೆ ಅದು 'ನಿಮಗೆ ಆಸ್ಪತ್ರೆ, ಕೆಲಸ ಇಲ್ಲದಿದ್ದರೇನು, ನೆಮ್ಮದಿ ಇದೆಯಲ್ಲ' ಎಂಬ ಸಮಾಧಾನವಾಗಿ ಬದಲಾಗುವುದು ಸುಲಭ. ಎರಡೂ ದೇಶಗಳು ಬಡತನದ ದಿನಗಳಲ್ಲೇ ಕಂಡುಕೊಂಡ ಪಾಠ ಬೇರೆ. ಹೆರಿಗೆಯ ಭಯ, ಹಸಿವಿನ ಭಯ, ಕಾಯಿಲೆ ಬಿದ್ದರೆ ಮನೆ ಮಾರಬೇಕಾದೀತು ಎಂಬ ಭಯ, ಇವುಗಳಲ್ಲಿ ಒಂದೊಂದನ್ನು ಸಮಾಜ ಹೊತ್ತುಕೊಂಡಷ್ಟೂ ಜನರ ಬದುಕು ಹಗುರವಾಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಪಟ್ಟಿ ಬಂದಾಗ ನಮ್ಮ ಸ್ಥಾನ ಎಷ್ಟು ಎಂದು ನೋಡುವುದರ ಜೊತೆಗೆ, ಇವುಗಳಲ್ಲಿ ಯಾವ ಭಯ ನಮ್ಮೂರಿನಲ್ಲಿ ಇನ್ನೂ ಉಳಿದಿದೆ ಎಂದೂ ಕೇಳಿಕೊಳ್ಳೋಣ.