ಜೀಪಿಗೆ ಬಿಳಿ ನಕ್ಷತ್ರ ಬರೆಯೋ ಮುಂಚೆ

ಕಳೆದ ತಿಂಗಳು ಆಫೀಸಿನ ಗೆಳೆಯನೊಬ್ಬನ ಜೊತೆ ಹಳೇ ಜೀಪು ನೋಡೋಕೆ ಹೋಗಿದ್ದೆ. ಬೆಂಗಳೂರಿನ ಹೊರವಲಯದಲ್ಲಿ ಒಂದು ಶೆಡ್ಡು. ಒಳಗೆ ಮಿಲಿಟರಿ ಹಸಿರು ಬಳಿದುಕೊಂಡು ನಿಂತಿತ್ತು ಗಾಡಿ. ಬಾನೆಟ್ ಮೇಲೆ ದೊಡ್ಡ ಬಿಳಿ ನಕ್ಷತ್ರ, ಪಕ್ಕಕ್ಕೆ ಕಟ್ಟಿದ ಸಲಿಕೆ, ಕೊಡಲಿ, ಹಿಂದೆ ಜೆರ್ರಿ ಕ್ಯಾನು.

"ಪಕ್ಕಾ ಒರಿಜಿನಲ್ ಸರ್. 1944ರ ವಿಲ್ಲೀಸ್. ವರ್ಲ್ಡ್ ವಾರ್‌ನಲ್ಲಿ ಓಡಿದ ಗಾಡಿ," ಅಂದರು ಮಾರುವವರು. ಬೆಲೆ 14 ಲಕ್ಷ. ಗೆಳೆಯನ ಕಣ್ಣಲ್ಲಿ ಆಗಲೇ ರೀಲ್ಸ್ ಓಡ್ತಿತ್ತು.

ನಾನು ಮುಂದೆ ಹೋಗಿ ಗ್ರಿಲ್ಲಿನ ಸೀಳು ಎಣಿಸಿದೆ. ಏಳು.

ಯುದ್ಧಕಾಲದ ವಿಲ್ಲೀಸ್ ಎಂಬಿ ಮತ್ತು ಅದರ ಅವಳಿ ಫೋರ್ಡ್ ಜಿಪಿಡಬ್ಲ್ಯು ಸೇರಿ ಸುಮಾರು 6.4 ಲಕ್ಷ ಜೀಪುಗಳು ತಯಾರಾದವು. ತೀರಾ ಮೊದಲಿನವಕ್ಕೆ ಬೆಸುಗೆ ಹಾಕಿದ ಕಂಬಿಗಳ ಗ್ರಿಲ್ಲು, ಉಳಿದವಕ್ಕೆ ತಗಡು ಒತ್ತಿ ಮಾಡಿದ ಒಂಬತ್ತು ಸೀಳಿನ ಗ್ರಿಲ್ಲು. ಏಳು ಸೀಳು ಬಂದದ್ದು 1945ರಲ್ಲಿ, ರೈತರಿಗಂತ ತಯಾರಾದ ಸಿಜೆ ಸರಣಿಯ ಜೊತೆ. ಎದುರಿಗಿದ್ದ ಗಾಡಿಯ ಸ್ಟೀರಿಂಗ್ ಬಲಗಡೆ, ಮುಂದಿನ ಗಾಜು ಒಂದೇ ತುಂಡು, ಬಾನೆಟ್ ಗೂನು ಬಂದಷ್ಟು ಎತ್ತರ. ಅಂದರೆ ಅದು ಸಿಜೆ-3ಬಿ. ಯುದ್ಧ ಮುಗಿದು ಎಂಟು ವರ್ಷ ಕಳೆದ ಮೇಲೆ, 1953ರಲ್ಲಿ ಹುಟ್ಟಿದ ಮಾಡೆಲ್ಲು. ಈ ಗಾಡಿ ನಾರ್ಮಂಡಿ ನೋಡಿರೋದಿರಲಿ, ಮಂಗಳೂರಿನ ಬೀಚು ನೋಡಿದ್ದರೂ ಹೆಚ್ಚು.

ಅದು ನಮ್ಮ ಗಾಡಿ ಅನ್ನೋದು ನನಗೆ ಬೇಜಾರಿನ ವಿಷಯ ಅಲ್ಲವೇ ಅಲ್ಲ. ನಮ್ಮ ಗಾಡಿಯ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದಾರಲ್ಲ, ಅದು ಬೇಜಾರು. ಹುಲಿ ನೋಡಿ ನರಿ ಬರೆ ಹಾಕ್ಕೊಂಡ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಪಾಪ ಜೀಪು ಏನೂ ಕೇಳಿಲ್ಲ, ಬರೆ ಹಾಕ್ತಿರೋರು ನಾವು.

ಸಿಜೆ-3ಬಿ ಸಣ್ಣ ಗಾಡಿಯಲ್ಲ. ಯುದ್ಧದ ಜೀಪಿನ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಹೊಸ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಎಳೆಯುವ ವಾಲ್ವುಗಳನ್ನು ಮೇಲೆ, ಹೆಡ್ಡಿಗೆ ತಂದರು. ಶಕ್ತಿ ಜಾಸ್ತಿಯಾಯಿತು, ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಈ ಮಾಡೆಲ್ಲು 1968ಕ್ಕೆ ನಿಂತುಹೋಯ್ತು. ನಮ್ಮಲ್ಲಿ ಮಹೀಂದ್ರಾ ಅದೇ ಎತ್ತರದ ಮೂತಿಯ ಜೀಪನ್ನು ಆಮೇಲೂ ದಶಕಗಳ ಕಾಲ ಕಟ್ಟಿತು. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯವರನ್ನು ಕೇಳಿ. ಕಾಫಿ ಮೂಟೆ, ಗೊಬ್ಬರದ ಚೀಲ, ತೋಟದ ಕೆಲಸದವರು, ಮಳೆಗಾಲದ ನಡುರಾತ್ರಿ ಹೆರಿಗೆಗೆ ಹೊರಟ ಹೆಣ್ಣುಮಗಳು, ಎಲ್ಲರೂ ಈ ಜೀಪಿನಲ್ಲೇ ಹೋದದ್ದು. ಪೆಟ್ರೋಲ್ ಖರ್ಚು ತಡೀಲಾರದೆ ಎಷ್ಟೋ ಜನ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಮಳೆಗೆ ನೆನೆದು ಸಾಕಾಗಿ ಊರಿನ ವೆಲ್ಡಿಂಗ್ ಶಾಪಿನಲ್ಲಿ ತಗಡಿನ ಟಾಪು ಕಟ್ಟಿಸಿದರು. ಇದೆಲ್ಲ ಆ ಗಾಡಿಯ ಜಾತಕ. ಒಂದು ಡಬ್ಬ ಹಸಿರು ಬಣ್ಣದಲ್ಲಿ ಅದನ್ನ ಒರೆಸಿ ಹಾಕೋದಕ್ಕೆ ನಾವು ಇಟ್ಟ ಹೆಸರು ರೆಸ್ಟೊರೇಷನ್.

ನಮಗಿದು ಹೊಸ ರೋಗ ಅಲ್ಲ ಬಿಡಿ. ಜೀರ್ಣೋದ್ಧಾರ ಅಂತ ಹೇಳಿ ಹಳೇ ಕಲ್ಲಿನ ದೇವಸ್ಥಾನದ ನೆಲಕ್ಕೆ ಟೈಲ್ಸ್ ಹಾಕಿ, ಕಂಬಕ್ಕೆ ಆಯಿಲ್ ಪೇಂಟ್ ಬಳಿದವರು ನಾವು.

ಹಾಗಾದರೆ ಒರಿಜಿನಲ್ ಅಂದರೆ ಏನು? ಮಾರುವವರು ಈ ಒಂದು ಪದದಲ್ಲಿ ಮೂರು ಬೇರೆ ಬೇರೆ ಮಾತು ಸೇರಿಸಿ ಕಲಸುತ್ತಾರೆ. ಮೊದಲನೆಯದು ಗುರುತು: ಚಾಸಿ ನಂಬರು, ಎಂಜಿನ್ ನಂಬರು, ಆರ್‌ಸಿ ಮೂರೂ ಒಂದೇ ಗಾಡಿಯ ಕಥೆ ಹೇಳುತ್ತವಾ? ಎರಡನೆಯದು ವಸ್ತು: ಅವತ್ತಿನ ಲೋಹ ಇವತ್ತು ಎಷ್ಟು ಉಳಿದಿದೆ? ಮೂರನೆಯದು ರೂಪ: ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೆ ಕಾಣುತ್ತದಾ? ಈ ಮೂರರಲ್ಲಿ ತೀರಾ ಅಗ್ಗವಾಗಿ ಸಿಗೋದು ಮೂರನೆಯದು. ಡ್ಯಾಶ್‌ಬೋರ್ಡಿನ ಡೇಟಾ ಪ್ಲೇಟಿನಿಂದ ಹಿಡಿದು ಇಡೀ ಬಾಡಿಯವರೆಗೆ ಎಲ್ಲದರ ನಕಲೂ ಹೊಸದಾಗಿ ಸಿಗುತ್ತೆ. ನಾವು ದುಡ್ಡು ಸುರಿಯೋದು ಮಾತ್ರ ಅದಕ್ಕೇ.

ನಿಜವಾದ ಯುದ್ಧದ ಜೀಪುಗಳೂ ಆ ಅರ್ಥದಲ್ಲಿ ಶುದ್ಧ ಅಲ್ಲ. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆ ಮೇಲೂ 'ಎಫ್' ಅಂತ ಒತ್ತುತ್ತಿತ್ತು. ಆದರೆ ಸೇನೆಯ ಡಿಪೋಗಳಲ್ಲಿ ರಿಪೇರಿ ಮಾಡುವಾಗ ಕೈಗೆ ಸಿಕ್ಕ ಭಾಗ ಹಾಕಿ ಗಾಡಿ ಕಳಿಸುತ್ತಿದ್ದರು. ವಿಲ್ಲೀಸ್ ಚಾಸಿ ಮೇಲೆ ಫೋರ್ಡ್ ಭಾಗ, ಫೋರ್ಡ್ ಮೇಲೆ ವಿಲ್ಲೀಸ್. ಅಂಥ ಕಲಬೆರಕೆಯೇ ಆ ಗಾಡಿ ದುಡಿದದ್ದಕ್ಕೆ ಸಾಕ್ಷಿ. ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಚಾರ್ಟರ್ ಕೂಡ ವಾಹನ ಬದುಕಿದ ಇತಿಹಾಸಕ್ಕೆ ಬೆಲೆ ಕೊಡುತ್ತದೆ. ಶೋರೂಂ ಹೊಳಪೊಂದೇ ಅದರ ಗುರಿಯಲ್ಲ.

ನಮ್ಮ ಕಾನೂನಿಗೂ ಇದರ ಬಿಸಿ ತಟ್ಟಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ನೋಂದಣಿ ಸೇರಿಸಿದರು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರೀ ಬದಲಾವಣೆ ಆಗಿರಬಾರದು. ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನೋ ಅಕ್ಷರ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. 14 ಲಕ್ಷ ಕೊಟ್ಟು ಹೊಸ ತಗಡಿನ ಬಾಡಿ ಮನೆಗೆ ತಂದವರು ಈ ಷರತ್ತನ್ನ ಇನ್ನೊಮ್ಮೆ ಓದಿಕೊಳ್ಳೋದು ಒಳ್ಳೆಯದು.

"ನನ್ನ ದುಡ್ಡು, ನನ್ನ ಗಾಡಿ, ನಿಂದೇನು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಣ್ಣ ಬೇಕಾದ್ದು ಹಾಕ್ಕೊಳ್ಳಿ, ಬಣ್ಣ ಕೆರೆದರೆ ಹೋಗುತ್ತೆ. ತುಕ್ಕು ಪೂಜೆ ಮಾಡಿ ಅಂತಲೂ ನಾನು ಹೇಳ್ತಿಲ್ಲ. ಬ್ರೇಕು, ಸ್ಟೀರಿಂಗು, ವೈರಿಂಗು ಹೊಸದಾಗಲೇಬೇಕು, ಘಾಟಿ ಇಳಿಯುವಾಗ ಇತಿಹಾಸ ಬ್ರೇಕ್ ಹಿಡಿಯಲ್ಲ. ನನ್ನ ತಕರಾರು ಎರಡೇ. ಬದಲಾಯಿಸಿದ್ದನ್ನ ಮುಚ್ಚಿಡಬೇಡಿ. ಉಳಿಸಬಹುದಾದ್ದನ್ನ ಬಿಸಾಡಬೇಡಿ. ಯಾಕಂದರೆ ನಾಳೆ ಈ ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತೆ, ನಿಮ್ಮ ಸುಳ್ಳೂ ಅದರ ಜೊತೆಗೇ ಹೋಗುತ್ತೆ.

ಹಾಗಾಗಿ ಹಳೇ ಜೀಪು ಕೊಳ್ಳೋಕೆ ಹೊರಟಿರೋರು ಮೊದಲು ಕೇಳಬೇಕಾದ್ದು ಒಂದು ಪಟ್ಟಿ. ಯಾವುದು ಉಳಿಸಿದ್ದು, ಯಾವುದು ರಿಪೇರಿ ಮಾಡಿದ್ದು, ಯಾವುದು ಹೊಸದಾಗಿ ಮಾಡಿಸಿದ್ದು. ಜೊತೆಗೆ ಕೆಲಸ ಶುರುವಾಗೋ ಮುಂಚಿನ ಫೋಟೋಗಳು. ಅದು ಕೊಡೋರಿಗೆ ಒಂದೆರಡು ಲಕ್ಷ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕೊಡದೇ ಇರೋರ ಹತ್ತಿರ ನೀವು ಕೊಳ್ಳೋದು ಹಸಿರು ಬಣ್ಣ ಅಷ್ಟೇ.

ಅವತ್ತು ಗೆಳೆಯನೂ ಕೇಳಿದ. ಬಹಳ ಹೊತ್ತಾದ ಮೇಲೆ ಹಳೇ ಆರ್‌ಸಿ ಪುಸ್ತಕ ಹೊರಗೆ ಬಂತು. ತಯಾರಾದ ವರ್ಷ 1964. ಮೊದಲ ನೋಂದಣಿ ಚಿಕ್ಕಮಗಳೂರು. ಹಳೇ ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರು, ಮಾಲೀಕರ ಹೆಸರಿನ ಕೆಳಗೆ ಒಂದು ಎಸ್ಟೇಟಿನ ವಿಳಾಸ. ಆ ಇಡೀ ಶೆಡ್ಡಿನಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಅದು. ಮಾರುವವರು ಅದನ್ನ ನಾಚಿಕೊಂಡು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದರು.

"ಹಳೇ ಬಾಡಿ ಎಲ್ಲಿ?" ಅಂದೆ.

"ಅದನ್ನ ಗುಜರಿಗೆ ಹಾಕಿದ್ವಿ ಸರ್. ಯಾರೋ ತೋಟದ ಹೆಸರು ಬೇರೆ ಬರೆಸಿದ್ದರು ಅದರ ಮೇಲೆ. ಯಾರಿಗೆ ಬೇಕು ಅದು?"

ಗೆಳೆಯ ಆರ್‌ಸಿ ಪುಸ್ತಕ ಮಡಚಿ ವಾಪಸ್ ಕೊಟ್ಟ. "ನನಗೆ ಬೇಕಿತ್ತು," ಅಂದ.